ಕೋಶಪೊರೆಯಲ್ಲಿ ಪ್ರೋಟೀನ್ ಎಷ್ಟು ವೇಗವಾಗಿ ಅಡ್ಡಾಡುತ್ತದೆ? ಫ್ರ್ಯಾಪ್ ಪ್ರಯೋಗ, ಮೊದಲಿನಿಂದ ಕೊನೆಯವರೆಗೆ

ಕೆರೆಯ ಮೇಲೆ ದಟ್ಟವಾಗಿ ಪಾಚಿ ಕಟ್ಟಿರುವಾಗ ಒಂದು ಕಲ್ಲು ಎಸೆದು ನೋಡಿ. ಬಿದ್ದ ಜಾಗದಲ್ಲಿ ಪಾಚಿ ಸರಿದು ಕಪ್ಪು ನೀರು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಸುತ್ತಲಿನ ಪಾಚಿ ಮೆಲ್ಲಗೆ ಒಳಸರಿದು ಕಂಡಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದರೆ ಪಾಚಿ ಎಷ್ಟು ಸಲೀಸಾಗಿ ಸರಿಯುತ್ತದೆ ಎಂಬುದು ಗೊತ್ತಾಗುತ್ತದೆ. ಕಂಡಿ ಪೂರ್ತಿ ಮುಚ್ಚದೆ ಉಳಿದರೆ, ಒಂದಷ್ಟು ಪಾಚಿ ಕೆಳಗಿನ ಕಳೆಗೆ ಸಿಕ್ಕಿಕೊಂಡು ನಿಂತಿದೆ ಎಂದರ್ಥ.

ಜೀವಂತ ಕೋಶದ ಪೊರೆಯ ಮೇಲೆ ಇದೇ ಕೆಲಸವನ್ನು ಬೆಳಕಿನಿಂದ ಮಾಡುವ ವಿಧಾನಕ್ಕೆ ಫ್ರ್ಯಾಪ್ (FRAP, fluorescence recovery after photobleaching) ಎಂದು ಹೆಸರು. ಹೊಳೆಯುವ ಗುರುತು ಹೊತ್ತ ಪ್ರೋಟೀನ್‌ಗಳಿರುವ ಪೊರೆಯಲ್ಲಿ ಒಂದು ಪುಟ್ಟ ವೃತ್ತ ಆರಿಸಿ, ಅದರ ಮೇಲೆ ಜೋರಾದ ಲೇಸರ್ ಹಾಯಿಸಿ ಅಲ್ಲಿನ ಹೊಳಪನ್ನು ನಂದಿಸುತ್ತೇವೆ. ಕಲ್ಲು ಪಾಚಿಯನ್ನು ಬದಿಗೆ ತಳ್ಳುತ್ತದೆ, ಲೇಸರ್ ಹಾಗೆ ಏನನ್ನೂ ತಳ್ಳುವುದಿಲ್ಲ. ಪ್ರೋಟೀನ್‌ಗಳು ಇದ್ದಲ್ಲೇ ಇರುತ್ತವೆ, ಅವುಗಳ ದೀಪ ಮಾತ್ರ ಆರುತ್ತದೆ. ಆಮೇಲೆ ಆರಿದವು ಹೊರಕ್ಕೆ, ಹೊಳೆಯುವವು ಒಳಕ್ಕೆ ಅಡ್ಡಾಡುತ್ತ ಬೆರೆಯುತ್ತವೆ. ಕತ್ತಲಾದ ವೃತ್ತ ಮತ್ತೆ ಬೆಳಗುವ ವೇಗವೇ ನಮ್ಮ ಅಳತೆ.

ಪೊರೆಯಲ್ಲಿ ಪ್ರೋಟೀನ್‌ಗಳು ಓಡಾಡುತ್ತವೆ ಎಂಬುದೇ ಒಂದು ಕಾಲಕ್ಕೆ ಹೊಸ ಸುದ್ದಿ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಎರಡರ ಪೊರೆಯ ಪ್ರೋಟೀನ್‌ಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿದರು. ಮೊದಲು ಅರ್ಧ ಹಸಿರು, ಅರ್ಧ ಕೆಂಪಾಗಿದ್ದ ಜೋಡಿಕೋಶದಲ್ಲಿ 37 ಡಿಗ್ರಿಯಲ್ಲಿ ಸುಮಾರು 40 ನಿಮಿಷಕ್ಕೆ ಬಣ್ಣಗಳೆರಡೂ ಬೆರೆತುಹೋಗಿದ್ದವು. 1974ರಲ್ಲಿ ಪೂ ಮತ್ತು ಕೋನ್ ಕಣ್ಣಿನ ರೊಡಾಪ್ಸಿನ್ ಪ್ರೋಟೀನಿಗೆ ಯಾವ ಬಣ್ಣವನ್ನೂ ಹಚ್ಚದೆ, ಅದರ ಸಹಜ ವರ್ಣವನ್ನೇ ಒಂದು ಬದಿಯಲ್ಲಿ ಬೆಳಕಿನಿಂದ ಅಳಿಸಿ, ಬೆರೆಯುವುದನ್ನು ಅಳೆದರು. 1976ರಲ್ಲಿ ಆಕ್ಸೆಲ್‌ರಾಡ್ ಮತ್ತು ಸಂಗಡಿಗರು ಈ ಬಗೆಯ ಅಳತೆಗೆ ಗಟ್ಟಿಯಾದ ಗಣಿತ ಒದಗಿಸಿದರು.

ಇಂದಿನ ಕಾನ್ಫೋಕಲ್ (ಲೇಸರ್ ಹಾಯಿಸಿ ಒಂದು ತೆಳು ಪದರವನ್ನಷ್ಟೇ ತೋರಿಸುವ) ಮೈಕ್ರೋಸ್ಕೋಪ್‌ಗಳ ತಂತ್ರಾಂಶದಲ್ಲಿ ಇದಕ್ಕೆಂದೇ ವ್ಯವಸ್ಥೆ ಇರುತ್ತದೆ. ಗುಂಡಿ ಒತ್ತಿದರೆ, ಹೊತ್ತು ಕಳೆದಂತೆ ಹೊಳಪು ಹೇಗೆ ಮರಳಿತು ಎಂದು ತೋರಿಸುವ ಚೆಂದದ ಕರ್ವ್ ಬರುತ್ತದೆ. ಆದರೆ ಆ ಕರ್ವ್ ನಿಜಕ್ಕೂ ಪ್ರೋಟೀನಿನ ಓಡಾಟದ್ದೇ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸವಿದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಗುಂಡಿ ಒತ್ತುವುದಕ್ಕೆ ಕಡಿಮೆ ಜಾಗ, ಖಾತ್ರಿ ಮಾಡಿಕೊಳ್ಳುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಪ್ರೋಟೀನ್ ಮತ್ತು ಗುರುತು

ಮೊದಲ ಸಲ ಮಾಡುವವರು ಜಿಪಿಐ ಎಂಬ ಕೊಬ್ಬಿನ ಕೊಂಡಿಯಿರುವ, ಹಸಿರಾಗಿ ಹೊಳೆಯುವ ಪ್ರೋಟೀನಾದ ಜಿಎಫ್‌ಪಿಯಿಂದ ಶುರು ಮಾಡಿ. ಇದು ಪೊರೆಯನ್ನು ಸೀಳಿ ಒಳಗೆ ಇಳಿಯುವುದಿಲ್ಲ. ಹೊರಪದರದ ಕೊಬ್ಬಿಗೆ ಒಂದು ಕೊಂಡಿಯಿಂದ ಸಿಕ್ಕಿಕೊಂಡು, ಬಹುಪಾಲು ಸಲೀಸಾಗಿ ಓಡಾಡುತ್ತದೆ. ಕರ್ವ್ ಬೇಗ ಏರುತ್ತದೆ, ತಪ್ಪು ನಡೆದರೆ ಎದ್ದು ಕಾಣುತ್ತದೆ. ಕೈ ಪಳಗಿದ ಮೇಲೆ ನಿಮಗೆ ಬೇಕಾದ, ಹೊರಗಿನ ಸಂದೇಶ ಹಿಡಿಯುವ ಪೊರೆಯ ಪ್ರೋಟೀನಾದ ರಿಸೆಪ್ಟರ್‌ಗೆ ಹೋಗಬಹುದು.

ಗುರುತಿಗೆ ಜಿಎಫ್‌ಪಿಯ ಹೆಚ್ಚು ಹೊಳೆಯುವ ರೂಪವಾದ ಇಜಿಎಫ್‌ಪಿ ಸಾಕು. 488 ನ್ಯಾನೊಮೀಟರ್ ಲೇಸರ್‌ಗೆ ಹೊಳೆಯುತ್ತದೆ, ಜೋರು ಬೆಳಕಿಗೆ ಆರುತ್ತದೆ, ಕಡಿಮೆ ಬೆಳಕಿಗೆ ಸಾಕಷ್ಟು ತಡೆದುಕೊಳ್ಳುತ್ತದೆ. ಆದರೆ ಸಾಮಾನ್ಯ ಜಿಎಫ್‌ಪಿಗೆ ಒಂದಕ್ಕೊಂದು ಅಂಟಿಕೊಳ್ಳುವ ಸ್ವಭಾವ ಸ್ವಲ್ಪ ಇದೆ. ಪೊರೆಯಂಥ ಇಕ್ಕಟ್ಟಾದ ಜಾಗದಲ್ಲಿ ಅದು ಅಳತೆ ಕೆಡಿಸಬಲ್ಲದು. 206ನೇ ಜಾಗದ ಅಲನೀನನ್ನು ಲೈಸೀನ್ ಮಾಡಿದ ರೂಪಕ್ಕೆ ಈ ತೊಂದರೆ ಇಲ್ಲ. ಪ್ಲಾಸ್ಮಿಡ್ (ಈ ಪ್ರೋಟೀನಿನ ಜೀನ್ ಹೊತ್ತ ಡಿಎನ್‌ಎ ಉಂಗುರ) ತರಿಸುವಾಗಲೇ ಇದನ್ನು ನೋಡಿಕೊಳ್ಳಿ.

ಹಂತ 2: ಕೋಶ ಬೆಳೆಸುವುದು

ಚಪ್ಪಟೆಯಾಗಿ ಹರಡಿಕೊಳ್ಳುವ ಕೋಶ ಬೇಕು. ಕಾಸ್-7 ಅಥವಾ ಸಿಎಚ್‌ಒ ಕೋಶಗಳು ಒಳ್ಳೆಯವು. ತಳದಲ್ಲಿ ಗಾಜಿರುವ 35 ಮಿಲಿಮೀಟರ್ ಡಿಶ್‌ನಲ್ಲಿ ಬೆಳೆಸಿ. ಗಾಜು 0.17 ಮಿಲಿಮೀಟರ್ ದಪ್ಪದ್ದಾಗಿರಬೇಕು, ಏಕೆಂದರೆ ಆಬ್ಜೆಕ್ಟಿವ್ ಲೆನ್ಸ್‌ಗಳನ್ನು ಆ ದಪ್ಪಕ್ಕೇ ಹೊಂದಿಸಿರುತ್ತಾರೆ. ಡಿಶ್ ಅರ್ಧ ತುಂಬಿದಾಗ ಪ್ಲಾಸ್ಮಿಡ್ ಸೇರಿಸಿ, ಸುಮಾರು 24 ಗಂಟೆ ಬಿಟ್ಟು ನೋಡಿ.

ಮೈಕ್ರೋಸ್ಕೋಪಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಝಗಮಗಿಸುವ ಕೋಶಗಳು. ಅವನ್ನು ಬಿಟ್ಟುಬಿಡಿ. ಅವುಗಳಲ್ಲಿ ಪ್ರೋಟೀನ್ ಮಿತಿಮೀರಿ ತಯಾರಾಗಿ ಪೊರೆಗೆ ಹೋಗದೆ ಒಳಗಿನ ಗಾಲ್ಜಿಯಲ್ಲಿ, ಅಂತರ್ಜಾಲಿಕೆಯಲ್ಲಿ (ಪ್ರೋಟೀನ್ ತಯಾರಿಸಿ ಸಾಗಿಸುವ ಕೋಶದ ಭಾಗಗಳಲ್ಲಿ) ತುಂಬಿಕೊಂಡಿರುತ್ತದೆ. ಪೊರೆಯ ಅಂಚು ತೆಳ್ಳಗಿನ ಗೆರೆಯಂತೆ ಕಾಣುವ, ನಡುವೆ ಹೊಳೆಯುವ ಮುದ್ದೆ ಇಲ್ಲದ, ಮಬ್ಬಾದ ಕೋಶವೇ ನಿಮಗೆ ಬೇಕಾದ್ದು. ಒಳಗಿನ ಹೊಳಪು ಕಾಡುತ್ತಿದ್ದರೆ ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ಪ್ರೋಟೀನ್ ತಯಾರಿ ನಿಲ್ಲಿಸಿ, ಒಂದೆರಡು ಗಂಟೆ ಕಾಯಿರಿ. ತಯಾರಾಗಿರುವುದು ಪೊರೆಗೆ ತಲುಪಿ ಒಳಗು ತಿಳಿಯಾಗುತ್ತದೆ.

ಚಿತ್ರ ತೆಗೆಯುವ ಮುಂಚೆ ಮೀಡಿಯಂ (ಕೋಶಗಳಿರುವ ಪೋಷಕ ದ್ರವ) ಬದಲಿಸಿ. ಫೀನಾಲ್ ರೆಡ್ ಬಣ್ಣ ಇಲ್ಲದ, ಹೆಪೀಸ್ ಬಫರ್ ಇರುವ ಮೀಡಿಯಂ ಹಾಕಿ. ಫೀನಾಲ್ ರೆಡ್ ತಾನೇ ಸ್ವಲ್ಪ ಹೊಳೆದು ಹಿನ್ನೆಲೆಯನ್ನು ಏರಿಸುತ್ತದೆ. ಹೆಪೀಸ್ ಇದ್ದರೆ ಇಂಗಾಲದ ಡೈಆಕ್ಸೈಡ್ ಇಲ್ಲದೆಯೂ ಅಳತೆ ಮುಗಿಯುವವರೆಗೆ ಆಮ್ಲೀಯತೆ ಹತೋಟಿಯಲ್ಲಿರುತ್ತದೆ.

ಹಂತ 3: ಮೈಕ್ರೋಸ್ಕೋಪ್ ಬಿಸಿ ಮಾಡಿ

ಇದನ್ನು ಬೇರೆ ಹಂತವಾಗಿ ಬರೆಯಲು ಕಾರಣವಿದೆ. ಪೊರೆ ಎಂದರೆ ಕೊಬ್ಬು. ತುಪ್ಪ ಚಳಿಗೆ ಹೆಪ್ಪುಗಟ್ಟಿ ಬಿಸಿಗೆ ಕರಗುವುದನ್ನು ನೋಡಿದವರಿಗೆ ಉಷ್ಣಾಂಶ ಏಕೆ ಮುಖ್ಯ ಎಂದು ಹೇಳಬೇಕಾಗಿಲ್ಲ. 37 ಡಿಗ್ರಿಯಲ್ಲಿ ಬಂದ ಅಂಕಿಯನ್ನು 24 ಡಿಗ್ರಿಯಲ್ಲಿ ಬಂದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಆಯಿಲ್ ಆಬ್ಜೆಕ್ಟಿವ್ ಡಿಶ್‌ನ ಗಾಜನ್ನು ಮುಟ್ಟಿಕೊಂಡಿರುವುದರಿಂದ, ಸ್ಟೇಜ್ ಬಿಸಿಯಿದ್ದು ಆಬ್ಜೆಕ್ಟಿವ್ ತಣ್ಣಗಿದ್ದರೆ ನೀವು ನೋಡುತ್ತಿರುವ ಕೋಶವೂ ತಣ್ಣಗಿರುತ್ತದೆ. ಆಬ್ಜೆಕ್ಟಿವ್‌ಗೂ ಹೀಟರ್ ಇರಲಿ. ಅಳತೆಗೆ ಒಂದು ಗಂಟೆ ಮೊದಲೇ ಎಲ್ಲವನ್ನೂ ಆನ್ ಮಾಡಿಡಿ.

ನಾನು ಈ ಕೆಲಸ ಕಲಿಯುತ್ತಿದ್ದಾಗ ಎರಡು ವಾರ ಒಂದೇ ಬಗೆಯ ಕರ್ವ್ ಬರುತ್ತಿತ್ತು. 20 ಸೆಕೆಂಡ್ ಏರಿ, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಪ್ರೋಟೀನಿನ ಗುಣವೇ ಇರಬೇಕೆಂದು ನಂಬಿ ಕಾರಣ ಹುಡುಕುತ್ತ ಓದಿದ್ದೇ ಓದಿದ್ದು. ಕೊನೆಗೆ ಗೊತ್ತಾಯಿತು: ಎಸಿಯ ತಣ್ಣನೆ ಗಾಳಿ ನೇರವಾಗಿ ಸ್ಟೇಜ್ ಮೇಲೆ ಬೀಳುತ್ತಿತ್ತು. ಎಸಿ ಆನ್ ಆದಾಗಲೆಲ್ಲ ಲೋಹ ಕುಗ್ಗಿ ಫೋಕಸ್ ಒಂದು ಮೈಕ್ರಾನಿನಷ್ಟು ಜಾರುತ್ತಿತ್ತು. ಪೊರೆಯ ದಪ್ಪ ಹೆಚ್ಚೆಂದರೆ 10 ನ್ಯಾನೊಮೀಟರ್. ಮೈಕ್ರಾನ್ ಜಾರಿದರೆ ಪೊರೆಯೇ ಫೋಕಸ್‌ನಿಂದ ಆಚೆ ಹೋದಂತೆ. ಗಾಳಿಯ ದಾರಿಗೆ ಒಂದು ರಟ್ಟು ಅಡ್ಡ ಇಟ್ಟ ದಿನವೇ ಕರ್ವ್ ಸರಿಹೋಯಿತು. ನಿಮ್ಮ ಯಂತ್ರದಲ್ಲಿ ಫೋಕಸ್ ಹಿಡಿದಿಡುವ ವ್ಯವಸ್ಥೆ ಇದ್ದರೆ ಖಂಡಿತ ಬಳಸಿ.

ಹಂತ 4: ಸೆಟ್ಟಿಂಗ್

63 ಪಟ್ಟಿನ, 1.4 ಎನ್‌ಎ (ಲೆನ್ಸ್ ಬೆಳಕು ಹಿಡಿಯುವ ಸಾಮರ್ಥ್ಯದ ಅಳತೆ) ಇರುವ ಆಯಿಲ್ ಆಬ್ಜೆಕ್ಟಿವ್ ಹಾಕಿ. ಗಾಜಿಗೆ ಅಂಟಿದ ತಳದ ಪೊರೆಗೆ ಫೋಕಸ್ ಮಾಡಿ. ಅದು ಚಪ್ಪಟೆಯಾಗಿ, ಒಂದೇ ಸಮನೆ ಮಂಜು ಹರಡಿದಂತೆ ಕಾಣಬೇಕು. ಮಡಿಕೆ, ಚುಕ್ಕೆ, ಅಂಚು ಇರುವ ಜಾಗ ಬೇಡ. ಫೋಕಸ್‌ನಾಚೆಯ ಬೆಳಕನ್ನು ತಡೆಯುವ ಕಿರುಕಿಂಡಿಯಾದ ಪಿನ್‌ಹೋಲನ್ನು ಸಾಮಾನ್ಯಕ್ಕಿಂತ ಸ್ವಲ್ಪ ಹೆಚ್ಚು ತೆರೆದಿಡಿ. ಚಿತ್ರದ ಚೂಪು ಕಡಿಮೆಯಾದರೂ ಬೆಳಕು ಹೆಚ್ಚು ಸಿಗುತ್ತದೆ, ಸಣ್ಣಪುಟ್ಟ ಜಾರುವಿಕೆಗೆ ಅಳತೆ ಅಲುಗುವುದಿಲ್ಲ.

ನೋಡಲು ಹಾಕುವ ಲೇಸರ್ ಎಷ್ಟು ಕಡಿಮೆ ಇಟ್ಟರೆ ಅಷ್ಟು ಒಳ್ಳೆಯದು. ಚಿತ್ರ ಸ್ವಲ್ಪ ಕಾಳುಕಾಳಾಗಿ ಕಂಡರೂ ಪರವಾಗಿಲ್ಲ. ಡಿಟೆಕ್ಟರ್ ಎಲ್ಲೂ ತುಂಬಿ ಹರಿಯಬಾರದು. ಒಂದು ಪಿಕ್ಸೆಲ್ ಗರಿಷ್ಠ ಮುಟ್ಟಿದರೂ ಅಲ್ಲಿನ ಅಳತೆ ಸುಳ್ಳು. 12 ಅಥವಾ 16 ಬಿಟ್‌ನಲ್ಲಿ ಉಳಿಸಿ.

ಚಿತ್ರದ ಅಳತೆಯನ್ನು ಕತ್ತರಿಸಿ ವೇಗ ಹೆಚ್ಚಿಸಿ. ಸೆಕೆಂಡಿಗೆ ನಾಲ್ಕು ಚಿತ್ರವಾದರೂ ಬರಲಿ. ಬ್ಲೀಚ್ ಮಾಡುವ, ಅಂದರೆ ಹೊಳಪು ನಂದಿಸುವ ವೃತ್ತಕ್ಕೆ 1.5 ಮೈಕ್ರಾನ್ ತ್ರಿಜ್ಯ ಇಡಿ. ಬ್ಲೀಚ್‌ಗೆ ಮೊದಲು ಹತ್ತು ಚಿತ್ರ, ಆಮೇಲೆ ಪೂರ್ತಿ ಶಕ್ತಿಯ 488 ಲೇಸರ್‌ನಿಂದ ಒಂದು ಕಿರು ಹೊಡೆತ, ನಂತರ ಒಂದು ನಿಮಿಷ ಬಿಡದೆ ಚಿತ್ರ.

ಆ ಹೊಡೆತ ಎಷ್ಟು ಕಿರಿದಾಗಿರಬೇಕು? ಹೊಳಪು ಅರ್ಧ ಮರಳಲು ಹಿಡಿಯುವ ಸಮಯದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅರ್ಧಕಾಲ 1.6 ಸೆಕೆಂಡ್ ಆದರೆ ಹೊಡೆತ 0.16 ಸೆಕೆಂಡ್ ಮೀರಬಾರದು. ಹೊಳಪು ಪೂರ್ತಿ ಸೊನ್ನೆಗೆ ಇಳಿಯಲೇಬೇಕೆಂದು ಹಟ ಹಿಡಿದು ಹೆಚ್ಚು ಹೊತ್ತು ಸುಡುವವರನ್ನು ನೋಡಿದ್ದೇನೆ. ಅದು ತಪ್ಪು. ನೀವು ಸುಡುತ್ತಿರುವಷ್ಟು ಹೊತ್ತೂ ಹೊರಗಿನಿಂದ ಹೊಸ ಪ್ರೋಟೀನ್‌ಗಳು ಒಳಬಂದು ಆರುತ್ತಿರುತ್ತವೆ, ಆರಿದವು ಹೊರಹೋಗುತ್ತಿರುತ್ತವೆ. ಕತ್ತಲು ನೀವು ಬರೆದ ವೃತ್ತದಾಚೆಗೂ ಹರಡುತ್ತದೆ. 50ರಿಂದ 80 ಶೇಕಡಾ ಇಳಿದರೆ ಬೇಕಾದಷ್ಟಾಯಿತು.

ಹಂತ 5: ಮೂರು ಜಾಗದ ಲೆಕ್ಕ

ಪ್ರತಿ ಚಿತ್ರದಲ್ಲೂ ಮೂರು ಕಡೆ ಹೊಳಪು ಅಳೆಯಿರಿ: ಬ್ಲೀಚ್ ಆದ ವೃತ್ತ, ಕೋಶವೇ ಇಲ್ಲದ ಖಾಲಿ ಜಾಗ, ಬ್ಲೀಚ್ ಮಾಡದ ಪಕ್ಕದ ಕೋಶ. ಉಚಿತವಾಗಿ ಸಿಗುವ ಫಿಜಿ ತಂತ್ರಾಂಶ ಇದಕ್ಕೆ ಸಾಕು, ಉಳಿದದ್ದು ಸ್ಪ್ರೆಡ್‌ಶೀಟ್‌ನಲ್ಲಿ ಆಗುತ್ತದೆ.

ಮೊದಲು ಖಾಲಿ ಜಾಗದ ಅಂಕಿಯನ್ನು ಉಳಿದೆರಡರಿಂದ ಕಳೆಯಿರಿ. ಬಳಿಕ ವೃತ್ತದ ಅಂಕಿಯನ್ನು ಬ್ಲೀಚ್‌ಗೆ ಮುಂಚಿನ ಹತ್ತು ಚಿತ್ರಗಳ ಸರಾಸರಿಯಿಂದ ಭಾಗಿಸಿ. ಪಕ್ಕದ ಕೋಶಕ್ಕೂ ಹಾಗೆಯೇ ಮಾಡಿ. ಕೊನೆಗೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನೋಡುವಾಗ ಹಾಕುವ ಕಡಿಮೆ ಬೆಳಕೂ ಒಂದಿಷ್ಟು ಹೊಳಪನ್ನು ನಂದಿಸುತ್ತದಲ್ಲ, ಆ ನಷ್ಟ ಪಕ್ಕದ ಕೋಶದಲ್ಲೂ ಆಗಿರುವುದರಿಂದ ಈ ಭಾಗಾಕಾರದಲ್ಲಿ ಹೊರಟುಹೋಗುತ್ತದೆ. ಪಕ್ಕದ ಕೋಶದ ಹೊಳಪು ಒಂದು ನಿಮಿಷದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಇಳಿದಿದ್ದರೆ ನಾನು ಆ ಅಳತೆಯನ್ನೇ ಬಿಡುತ್ತೇನೆ. ತಿದ್ದಿ ಬಳಸುವುದಕ್ಕಿಂತ ಲೇಸರ್ ಇಳಿಸಿ ಮತ್ತೆ ತೆಗೆಯುವುದು ಮೇಲು.

ಈಗ ಒಂದು ಕರ್ವ್ ಸಿಕ್ಕಿತು. 1.00ರಲ್ಲಿ ಇದ್ದದ್ದು ಬ್ಲೀಚ್ ಆದ ಕೂಡಲೇ 0.25ಕ್ಕೆ ಬಿದ್ದು, ಏರಿ 0.85ರಲ್ಲಿ ನಿಂತಿತು ಎಂದುಕೊಳ್ಳಿ. ಕಳೆದುಕೊಂಡದ್ದು 0.75, ಮರಳಿ ಪಡೆದದ್ದು 0.60. ಅಂದರೆ ಶೇಕಡಾ 80 ಪ್ರೋಟೀನ್ ಓಡಾಡುತ್ತಿದೆ, ಶೇಕಡಾ 20 ಈ ಒಂದು ನಿಮಿಷದ ಮಟ್ಟಿಗೆ ಕದಲಿಲ್ಲ. ಅರ್ಧ ದಾರಿ ಎಂದರೆ 0.55. ಅಲ್ಲಿಗೆ ತಲುಪಿದ ಸಮಯವೇ ಅರ್ಧಕಾಲ.

ಹಂತ 6: ವಿಸರಣಾಂಕ

ವಿಸರಣಾಂಕ ಎಂದರೆ ಪ್ರೋಟೀನ್ ಎಷ್ಟು ಬೇಗ ಹರಡಿಕೊಳ್ಳುತ್ತದೆ ಎಂಬುದರ ಅಳತೆ. ಸಮನಾದ ವೃತ್ತಾಕಾರದ ಬ್ಲೀಚ್‌ಗೆ 1983ರಲ್ಲಿ ಸೌಂಪಾಸಿಸ್ ಕೊಟ್ಟ ಸೂತ್ರ ಸರಳವಾಗಿದೆ:

ವಿಸರಣಾಂಕ = 0.224 × ತ್ರಿಜ್ಯದ ವರ್ಗ ÷ ಅರ್ಧಕಾಲ

ತ್ರಿಜ್ಯ 1.5 ಮೈಕ್ರಾನ್, ಅರ್ಧಕಾಲ 1.6 ಸೆಕೆಂಡ್ ಆದರೆ ಉತ್ತರ ಸೆಕೆಂಡಿಗೆ ಸುಮಾರು 0.32 ಚದರ ಮೈಕ್ರಾನ್. ಪೊರೆಯ ಪ್ರೋಟೀನಿಗೆ ಒಪ್ಪುವ ಅಂಕಿಯೇ. ಇಲ್ಲಿಗೇ ಬಹಳ ಜನ ನಿಲ್ಲಿಸಿಬಿಡುತ್ತಾರೆ.

ನಿಲ್ಲಿಸಬೇಡಿ. ಬ್ಲೀಚ್ ಆದ ಮೇಲಿನ ಮೊದಲ ಚಿತ್ರ ತೆರೆದು, ಕತ್ತಲ ಮಚ್ಚೆಯ ನಡುವೆ ಹಾದುಹೋಗುವ ಒಂದು ಗೆರೆ ಎಳೆದು, ಗೆರೆಯುದ್ದಕ್ಕೂ ಹೊಳಪನ್ನು ನೋಡಿ. ನೀವು ಬರೆದ ವೃತ್ತದ ಅಂಚಿನಲ್ಲಿ ಗೋಡೆಯಂತೆ ನೆಟ್ಟಗೆ ಏರಬೇಕಾದದ್ದು ಬಾಣಲೆಯ ಅಂಚಿನಂತೆ ಓರೆಯಾಗಿ ಏರುತ್ತಿರುತ್ತದೆ. ಕಾನ್ಫೋಕಲ್ ಲೇಸರ್ ಸಾಲು ಸಾಲಾಗಿ ಹಾಯುವಷ್ಟರಲ್ಲೇ ಪ್ರೋಟೀನ್‌ಗಳು ಓಡಾಡಿಬಿಟ್ಟಿವೆ. ಈ ಬಾಣಲೆಗೆ ಗಾಸಿಯನ್ (ತಲೆಕೆಳಗಾದ ಗಂಟೆಯಂಥ) ಆಕಾರ ಹೊಂದಿಸಿ, ನಡುವಿನಿಂದ ಎಷ್ಟು ದೂರ ಹೋದರೆ ಕತ್ತಲಿನ ಆಳ ಗರಿಷ್ಠದ ಶೇಕಡಾ 14ರಷ್ಟಕ್ಕೆ ಇಳಿಯುತ್ತದೆ ಎಂದು ಅಳೆಯಿರಿ. ಅದು ನಿಜವಾದ ತ್ರಿಜ್ಯ. 2012ರಲ್ಲಿ ಕಾಂಗ್, ಕೆನ್‌ವರ್ದಿ ಮತ್ತು ಸಂಗಡಿಗರು ಕಾನ್ಫೋಕಲ್‌ಗೆಂದೇ ಕೊಟ್ಟ ಸೂತ್ರ ಎರಡೂ ತ್ರಿಜ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ:

ವಿಸರಣಾಂಕ = (ಬರೆದ ತ್ರಿಜ್ಯದ ವರ್ಗ + ನಿಜವಾದ ತ್ರಿಜ್ಯದ ವರ್ಗ) ÷ (8 × ಅರ್ಧಕಾಲ)

ನಿಜವಾದ ತ್ರಿಜ್ಯ 2.1 ಮೈಕ್ರಾನ್ ಎಂದು ಬಂದರೆ, 2.25 ಮತ್ತು 4.41 ಸೇರಿ 6.66, ಅದನ್ನು 12.8ರಿಂದ ಭಾಗಿಸಿದರೆ 0.52. ಅದೇ ಕೋಶ, ಅದೇ ಕರ್ವ್, ಮೊದಲು 0.32 ಇದ್ದದ್ದು 0.52 ಆಯಿತು. ಎರಡು ತ್ರಿಜ್ಯಗಳೂ ಒಂದೇ ಆಗಿದ್ದರೆ ಈ ಸೂತ್ರ 0.25 × ತ್ರಿಜ್ಯದ ವರ್ಗ ÷ ಅರ್ಧಕಾಲ ಆಗಿ, ಹಳೆಯ 0.224ರ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಅಂದರೆ ಹಳೆಯ ಸೂತ್ರ ತಪ್ಪಲ್ಲ, ನಮ್ಮ ಬ್ಲೀಚ್ ಅದು ಬಯಸಿದಂತೆ ಇರಲಿಲ್ಲ ಅಷ್ಟೇ.

ಹಂತ 7: ಖಾತ್ರಿ

ಎರಡು ವೃತ್ತಗಳ ಪರೀಕ್ಷೆ. ಇದನ್ನು ಮಾಡದ ಫ್ರ್ಯಾಪ್ ಅಂಕಿಯನ್ನು ನಾನು ನಂಬುವುದಿಲ್ಲ. ವೃತ್ತದ ತ್ರಿಜ್ಯ 3 ಮೈಕ್ರಾನಿಗೆ ಏರಿಸಿ ಅದೇ ಡಿಶ್‌ನಲ್ಲಿ ಮತ್ತೆ ಅಳೆಯಿರಿ. ಪ್ರೋಟೀನ್ ಸುಮ್ಮನೆ ಅಡ್ಡಾಡುತ್ತಿದ್ದರೆ ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ಹೊತ್ತು ಬೇಕು. 1.6 ಸೆಕೆಂಡ್ ಇದ್ದ ಅರ್ಧಕಾಲ 6.4ರ ಆಸುಪಾಸಿಗೆ ಬರಬೇಕು. ಬದಲಾಗದೆ ಅಲ್ಲೇ ನಿಂತರೆ ನೀವು ನೋಡುತ್ತಿರುವುದು ಅಡ್ಡಾಟವಲ್ಲ. ಯಾವುದಕ್ಕೋ ಅಂಟಿದ ಪ್ರೋಟೀನ್ ಬಿಟ್ಟುಕೊಂಡು ಬರುವ ವೇಗ ಅದು. ಕೋಶದೊಳಗಿನಿಂದ ಬಂದು ಪೊರೆಗೆ ಅಂಟಿ ಮತ್ತೆ ಬಿಡುವ ಪ್ರೋಟೀನ್‌ಗಳಲ್ಲಿ ಇದು ಸಾಮಾನ್ಯ. ಆಗ ವಿಸರಣಾಂಕದ ಸೂತ್ರವನ್ನು ಬಳಸಲೇಬಾರದು.

ಸತ್ತ ಕೋಶದ ಪರೀಕ್ಷೆ. ರಾಸಾಯನಿಕದಿಂದ ಕೋಶವನ್ನು ಸ್ಥಿರಗೊಳಿಸಿ ಬ್ಲೀಚ್ ಮಾಡಿದರೆ ಹೊಳಪು ಮರಳಬಾರದು. ಆದರೂ ಮೊದಲ ಕೆಲವು ಸೆಕೆಂಡಿನಲ್ಲಿ ಸ್ವಲ್ಪ ಮರಳುವುದುಂಟು. ಜಿಎಫ್‌ಪಿಯ ಕೆಲವು ಅಣುಗಳು ಪೂರ್ತಿ ಆರದೆ, ಸ್ವಲ್ಪ ಹೊತ್ತು ಕಣ್ಮುಚ್ಚಿ ಮತ್ತೆ ತೆರೆಯುತ್ತವೆ. ಆ ಪಾಲು ಎಷ್ಟೆಂದು ಇಲ್ಲಿ ಅಳೆದುಕೊಂಡರೆ ಜೀವಂತ ಕೋಶದ ಕರ್ವ್‌ನಲ್ಲಿ ಅದನ್ನು ಓಡಾಟವೆಂದು ಎಣಿಸುವ ತಪ್ಪು ತಪ್ಪುತ್ತದೆ.

ಇಲ್ಲೊಂದು ಗುಟ್ಟು. ಜಿಪಿಐ ಪ್ರೋಟೀನ್‌ಗಳು ಪ್ಯಾರಾಫಾರ್ಮಾಲ್ಡಿಹೈಡ್ ಒಂದಕ್ಕೇ ಬಗ್ಗುವುದಿಲ್ಲ. 4% ದ್ರಾವಣದಲ್ಲಿ ಇಟ್ಟ ಮೇಲೂ ಪೊರೆಯ ಮೇಲೆ ಓಡಾಡುತ್ತಲೇ ಇರುತ್ತವೆ. ಸತ್ತ ಕೋಶದಲ್ಲೂ ಕರ್ವ್ ಏರುವುದನ್ನು ನೋಡಿ ಯಂತ್ರವನ್ನು ಶಂಕಿಸಬೇಡಿ. ಅದರ ಜೊತೆಗೆ 0.2% ಗ್ಲುಟರಾಲ್ಡಿಹೈಡ್ ಸೇರಿಸಿ ಅರ್ಧ ಗಂಟೆ ಇಡಿ. ಗ್ಲುಟರಾಲ್ಡಿಹೈಡ್ ತಾನೂ ಮಂದವಾಗಿ ಹೊಳೆಯುತ್ತದೆ, ಆದ್ದರಿಂದ ಜಿಎಫ್‌ಪಿ ಇಲ್ಲದ ಕೋಶವನ್ನೂ ಹೀಗೆಯೇ ತಯಾರಿಸಿ ಹಿನ್ನೆಲೆ ಅಳೆದುಕೊಳ್ಳಿ. ಈ ಎರಡನ್ನೂ ಫ್ಯೂಮ್ ಹುಡ್ ಒಳಗೆ, ಕೈಗವಸು ಹಾಕಿಯೇ ಬಳಸಿ.

ಇನ್ನು ಸಂಖ್ಯೆ. ಒಂದೇ ದಿನ ಒಂದೇ ಡಿಶ್‌ನ ಮೂವತ್ತು ಕೋಶಕ್ಕಿಂತ ಮೂರು ಬೇರೆ ದಿನಗಳ ತಲಾ ಹತ್ತು ಕೋಶ ಹೆಚ್ಚು ಬೆಲೆಬಾಳುತ್ತದೆ. ಒಂದೇ ಕೋಶವನ್ನು ಮತ್ತೆ ಮತ್ತೆ ಬ್ಲೀಚ್ ಮಾಡಬೇಡಿ.

ಅಂಕಿಯನ್ನು ಓದುವುದು ಹೇಗೆ

ಕೋಶಪೊರೆಯ ಕೊಬ್ಬಿನ ಅಣುಗಳಿಗೆ ಸೆಕೆಂಡಿಗೆ ಸುಮಾರು 1 ಚದರ ಮೈಕ್ರಾನ್, ಅಡೆತಡೆ ಕಡಿಮೆ ಇರುವ ಪ್ರೋಟೀನ್‌ಗಳಿಗೆ 0.1ರಿಂದ 0.5 ಎಂಬುದು ಸಾಮಾನ್ಯ ವ್ಯಾಪ್ತಿ. ಹತ್ತಕ್ಕೆ ಮೇಲೆ ಬಂದರೆ ಪೊರೆಯನ್ನು ಬಿಟ್ಟು ಕೋಶದ್ರವದ ಪ್ರೋಟೀನನ್ನು ಅಳೆದಿದ್ದೀರಿ ಎಂದು ಅನುಮಾನಿಸಿ. ಕೆಂಪು ರಕ್ತಕಣದ ಬ್ಯಾಂಡ್ 3 ಪ್ರೋಟೀನಿನ ದೊಡ್ಡ ಪಾಲು ಆಂಕಿರಿನ್ ಎಂಬ ಕೊಂಡಿ ಪ್ರೋಟೀನಿನ ಮೂಲಕ ಪೊರೆಯ ಒಳಗಿನ ಸ್ಪೆಕ್ಟ್ರಿನ್ ಪ್ರೋಟೀನಿನ ಬಲೆಗೆ ಕಟ್ಟಿಕೊಂಡಿದೆ. ಅಂಥಲ್ಲಿ ಕದಲದ ಪಾಲೇ ಮುಖ್ಯ ಮಾಹಿತಿ, ವೇಗವಲ್ಲ.

ಗಾತ್ರವೊಂದರಿಂದಲೇ ಪ್ರೋಟೀನ್ ನಿಧಾನವಾಯಿತು ಎಂದು ಬರೆಯುವ ಮುಂಚೆ ಯೋಚಿಸಿ. 1975ರಲ್ಲಿ ಸಫ್‌ಮನ್ ಮತ್ತು ಡೆಲ್‌ಬ್ರೂಕ್ ತೋರಿಸಿದಂತೆ, ಪೊರೆಯಲ್ಲಿ ಹುದುಗಿದ ವಸ್ತುವಿನ ವೇಗ ಅದರ ತ್ರಿಜ್ಯವನ್ನು ಅವಲಂಬಿಸುವುದು ಬಹಳ ಕಡಿಮೆ. ಎರಡು ರಿಸೆಪ್ಟರ್ ಜೋಡಿಯಾದ ಮಾತ್ರಕ್ಕೆ ವೇಗ ಅರ್ಧಕ್ಕೆ ಇಳಿಯುವುದಿಲ್ಲ. ಹಾಗೆ ಇಳಿದಿದ್ದರೆ ಬೇರೇನೋ ಹಿಡಿದಿಟ್ಟಿದೆ.

ಫ್ರ್ಯಾಪ್‌ಗೆ ಕಾಣದ್ದೂ ಇದೆ. ಅದು ಸಾವಿರಾರು ಅಣುಗಳ ಸರಾಸರಿ, ಅದೂ ಮೈಕ್ರಾನ್ ಗಾತ್ರದಲ್ಲಿ. ಜಪಾನಿನ ಅಕಿಹಿರೊ ಕುಸುಮಿ ಅವರ ಗುಂಪು ಒಂದೊಂದೇ ಅಣುವನ್ನು ಅತಿ ವೇಗದ ಕ್ಯಾಮೆರಾದಿಂದ ಹಿಂಬಾಲಿಸಿದಾಗ, ಪೊರೆಯ ಕೆಳಗಿನ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳ ಬೇಲಿಗಳು ಪೊರೆಯನ್ನು ಸಣ್ಣ ಸಣ್ಣ ಮಡಿಗಳಾಗಿ ಹಂಚಿರುವುದು ಕಂಡಿತು. ಅಣು ಒಂದು ಮಡಿಯೊಳಗೆ ಜೋರಾಗಿ ಓಡಾಡಿ, ಆಗೊಮ್ಮೆ ಈಗೊಮ್ಮೆ ಪಕ್ಕದ ಮಡಿಗೆ ಜಿಗಿಯುತ್ತದೆ. ನಮ್ಮ 0.52 ಈ ಎರಡನ್ನೂ ಬೆರೆಸಿ ಕೊಟ್ಟ ಅಂಕಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ರಜತ್ ವರ್ಮಾ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ ಪ್ರಕಟಿಸಿದ ಕೆಲಸ ಇನ್ನೊಂದು ದಾರಿಯದು. ಹೊಳಪಿನ ಧ್ರುವೀಕರಣ ಅಳೆದು, ಜಿಪಿಐ ಪ್ರೋಟೀನ್‌ಗಳು ಮೈಕ್ರೋಸ್ಕೋಪಿಗೆ ಬಿಡಿಯಾಗಿ ಕಾಣದಷ್ಟು ಚಿಕ್ಕ ಗುಂಪುಗಳಲ್ಲಿ ಇರುತ್ತವೆ ಎಂದು ಅವರು ತೋರಿಸಿದರು. ಅದೇ ಪೊರೆ ಫ್ರ್ಯಾಪ್ ಚಿತ್ರದಲ್ಲಿ ಒಂದೇ ಸಮನಾದ ಮಂಜಿನಂತೆ ಕಾಣುತ್ತದೆ.

ನಿಮ್ಮ ಪ್ರೋಟೀನಿಗೂ ಆಕ್ಟಿನ್ ಬೇಲಿ ಅಡ್ಡವಿದೆಯೇ ಎಂದು ನೋಡಬೇಕಿದ್ದರೆ ಅದೇ ಡಿಶ್‌ಗೆ ಲ್ಯಾಟ್ರಂಕ್ಯುಲಿನ್ ಹಾಕಿ ಆಕ್ಟಿನ್ ಕಳಚಿ, ಎರಡೂ ವೃತ್ತಗಳಲ್ಲಿ ಮತ್ತೆ ಅಳೆಯಿರಿ. ಕೋಶ ಮುದುಡಿಕೊಳ್ಳುವ ಮೊದಲು ನಿಮಗೆ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಕೋಶಗಳನ್ನು ಮೊದಲೇ ಆರಿಸಿ, ಅವುಗಳ ಜಾಗವನ್ನು ಸ್ಟೇಜ್‌ನಲ್ಲಿ ಗುರುತು ಹಾಕಿಟ್ಟುಕೊಂಡಿರಿ.